ಕಡೆಗೆ ಹಾಕಿದ ಗಂಗಾಳ

ಕೈಚೀಲದೊಳಗಿದ್ದ ಊಟದ ಗಂಗಾಳದ ಅಂಚು ಹೆಜ್ಜೆಗೊಮ್ಮೆ ತೊಡೆಗೆ ತಾಕುತ್ತಿತ್ತು. ಗುರುಲಿಂಗಪ್ಪ ಚೀಲವನ್ನು ಎಡಗೈಯಿಂದ ಬಲಗೈಗೆ ಬದಲಿಸಿದ, ಅಲ್ಲಿಯೂ ತಾಕಿತು. ಹೆಗಲಿಗೇರಿಸಿದರೆ ಬೆನ್ನಿಗೆ ತಾಕಿತು. ಹಳೆಯ ಧೋತರದಲ್ಲಿ ಸುತ್ತಿ, ಮೇಲೊಂದು ಟವೆಲು ಸುತ್ತಿದ್ದರೂ ಆ ಕಂಚಿನ ದುಂಡು ಅಂಚು ಸುಮ್ಮನಿರಲೊಲ್ಲದು. ಊರಿನ ಉಳಿದ ಪಾತ್ರೆಗಳೆಲ್ಲ ಗೋಣಿಚೀಲಗಳಲ್ಲಿ ತುಂಬಿ, ಜತ್ತ, ಮಿರಜ ದಾಟಿ ಬಸ್ಸಿನ ತಲೆಯ ಮೇಲೆ ಕೂತು ಬಂದು, ಈಗ ಟಾಂಗಾದಿಂದ ಇಳಿದು ಎರಕದ ಕಾರ್ಖಾನೆಯ ಬಾಗಿಲಲ್ಲಿ ಬಿದ್ದಿದ್ದವು. ಇದೊಂದು ಮಾತ್ರ ಅವನ ಕೈಯಲ್ಲಿತ್ತು. ರಸ್ತೆಯ ಆ ಕಡೆಗೆ ರಾಜರ ಕಾಲದ ಕಲ್ಲಿನ ಕಮಾನು, ಅದರ ಮೇಲೆ ಪಾರಿವಾಳ, ಗೋಡೆಯ ಮೇಲೆ ಕುಟುಂಬ ಯೋಜನೆಯ ಕೆಂಪು ತ್ರಿಕೋನ. ಈ ಕಡೆಗೆ ಸಾಲುಸಾಲು ತಗಡಿನ ಶೆಡ್ಡುಗಳು, ಹೊಗೆ ಕೊಳವೆಗಳು, ಎಂಜಿನ್ನು ಪಂಪುಗಳ ಕಬ್ಬಿಣದ ಮೈಗಳು ಕಪ್ಪು ಉಸುಕಿನಲ್ಲಿ ಅರ್ಧ ಹೂತು ಬಿದ್ದಿದ್ದವು. ಎಲ್ಲೋ ಕಾರ್ಖಾನೆಯ ಭೋಂಗಾ ಕೂಗಿತು. ಸೈಕಲ್ಲುಗಳ ಒಂದು ಹಿಂಡು ಅವನನ್ನೂ ಜೊತೆಗಿದ್ದವನನ್ನೂ ಬದಿಗೆ ತಳ್ಳಿ ಮುಂದೆ ಹೋಯಿತು. ಯಾರೋ ಮರಾಠಿಯಲ್ಲಿ ಬೈದರು. ಬೈದದ್ದು ಚೀಲದ ಬಗ್ಗೆಯೇ ಇರಬೇಕು ಎಂದು ಗುರುಲಿಂಗಪ್ಪನಿಗೆ ಅನಿಸಿತು.

ಜೊತೆಗೆ ಬಂದವನು ಬಸಂತರಾಯ. ಊರಿನಲ್ಲಿ ಎರಡು ಬಾವಿಯ ಹೊಲದವನು, ಮಾತುಗಾರ, ಗುರುಲಿಂಗಪ್ಪನಿಗಿಂತ ಹಿರಿಯ. ಹೊರ್ತಿಯ ಆಚೆಗಿನ ಆ ಸಣ್ಣ ಊರಿನ ಬಸವಣ್ಣನ ಗುಡಿಯ ಗಂಟೆ ಬಿರುಕು ಬಿಟ್ಟು, ಬಾರಿಸಿದರೆ ಒಡೆದ ಮಡಕೆಯ ಹಾಗೆ ದನಿಗೈಯತೊಡಗಿದಾಗ ಹೊಸದು ಎರೆಸಬೇಕೆಂದು ಹಿರಿಯರು ಕೂತು ಮಾತಾಡಿದರು. ಅವರಲ್ಲೊಂದು ಪದ್ಧತಿ: ಗುಡಿಯ ಗಂಟೆಯನ್ನು ಅಂಗಡಿಯಿಂದ ಕೊಂಡು ತರುವುದಿಲ್ಲ. ಮನೆಗೊಂದು ಪಾತ್ರೆ ಕೊಡಬೇಕು, ಅವೆಲ್ಲ ಒಂದೇ ಮೂಸೆಯಲ್ಲಿ ಕರಗಬೇಕು, ಪ್ರತಿ ಪಾತ್ರೆ ಬೆಂಕಿಗೆ ಬೀಳುವಾಗ ಕೊಟ್ಟವರ ಹೆಸರನ್ನು ಊರಿನವರೊಬ್ಬರು ನಿಂತು ಕೂಗಬೇಕು. ಹೆಸರು ಕೂಗದೆ ಬಿದ್ದ ಲೋಹ ಗಂಟೆಯಲ್ಲಿ ಮೂಕಾಗಿ ಉಳಿಯುತ್ತದಂತೆ. ಕೂಗುವುದಕ್ಕೆ ಗುರುಲಿಂಗಪ್ಪನಲ್ಲದೆ ಇನ್ನಾರು? ಶ್ರಾವಣದಲ್ಲಿ ಗುಡಿಯ ಕಟ್ಟೆಯ ಮೇಲೆ ಕೂತು ಪುರಾಣ ಓದುವ ದನಿ ಅವನದು. ತುಸುವೇ ಹೊಲ, ಸೋರುವ ಮನೆ, ಮಾತಾಡಲು ಹೋದರೆ ತೊದಲುವ ನಾಲಿಗೆ; ಪದ್ಯ ಹಿಡಿದರೆ ಮಾತ್ರ ಊರು ತಲೆಬಾಗಿ ಕೇಳುತ್ತಿತ್ತು. ಆ ಗದ್ದುಗೆಯೊಂದನ್ನು ಬಿಟ್ಟರೆ ತನಗೆ ಬೇರೆ ಮುಖವಿಲ್ಲ ಎಂದು ಅವನಿಗೆ ಗೊತ್ತಿತ್ತು, ಊರಿಗೂ ಗೊತ್ತಿತ್ತು.

ಕೇಳುವವರಲ್ಲಿ ಕೆಳಗೇರಿಯ ದುರ್ಗವ್ವನೂ ಒಬ್ಬಳು. ಕಟ್ಟೆಯ ಹತ್ತಿರವಲ್ಲ, ಬೇವಿನ ಗಿಡದಾಚೆ, ಹುಲ್ಲಿನ ಹೊರೆ ಪಕ್ಕಕ್ಕಿಟ್ಟುಕೊಂಡು. ಮಗ ಭೀಮಶ್ಯಾ ಸೊಲ್ಲಾಪುರದ ಗಿರಣಿಯಲ್ಲಿದ್ದ. ದೀಕ್ಷೆ ತಗೊಂಡು ಮನೆಗೆ ಬುದ್ಧನ ಫೋಟೋ ತಂದಿದ್ದ. ಆ ಗುಡಿಯ ಗೊಡವೆ ನಿನಗೇಕೆ ಎಂದು ಅವ್ವನ ಜೊತೆ ಜಗಳಾಡಿದ್ದ. ಆದರೂ ಅವಳು ಬಂದಳು. ಪಾತ್ರೆ ಕೂಡಿಸುವ ದಿನ ಗುಡಿಯ ಅಂಗಳದ ಅಂಚಿನಲ್ಲಿ ನಿಂತು ಸೆರಗಿನೊಳಗಿಂದ ಈ ಗಂಗಾಳ ತೆಗೆದು ನೆಲದ ಮೇಲೆ ಇಟ್ಟಳು. ಕಂಚಿನದು, ಭಾರದ್ದು, ಉಂಡುಂಡು ನಡುವೆ ಸವೆದು ಬೆಳ್ಳಗಾದದ್ದು. ಅಂಚಿನಲ್ಲಿ ಚುಕ್ಕಿ ಹೊಡೆದು ಅವಳ ಹೆಸರು ಬರೆಸಿತ್ತು. ಮದುವೆಯಲ್ಲಿ ಅಣ್ಣ ಸಿಂದಗಿ ಸಂತೆಯಿಂದ ತಂದದ್ದಂತೆ. ಗುರುಲಿಂಗಪ್ಪ ಎತ್ತಿಕೊಳ್ಳುವಾಗ ಅವಳು ಅವನೊಬ್ಬನಿಗೇ ಕೇಳುವ ಹಾಗೆ ಅಂದಳು:

"ಇದರ ದನಿ ನಾ ನಿದ್ದಿಗಣ್ಣಾಗೂ ಗುರ್ತ ಹಿಡೀತೇನ್ರಿ ಅಪ್ಪಾರ. ಗಂಟಿ ಬಾರಿಸಿದ ದಿನ ಕೇರ್ಯಾಗ ಕುಂತ ಹೇಳ್ತೇನಿ, ನಂದೂ ಐತಿ ಅಂತ."

ಅವಳು ಹೋದ ಮೇಲೆ ಹಿರಿಯ ರೇವಣಪ್ಪ ಅವನನ್ನು ಗುಡಿಯ ಹಿಂದಕ್ಕೆ ಕರೆದ. ಒಲ್ಲೆ ಅನ್ನುವ ಕಾಲ ಇದಲ್ಲ, ಒಲ್ಲೆ ಅಂದರೆ ನಾಳೆ ಕಂಪ್ಲೇಂಟು, ಪೊಲೀಸು. ಹಾಗಂತ ಬಸವಣ್ಣನ ಕೊರಳಿನ ದನಿಯೊಳಗೆ ಅದು ಕೂಡಬಾರದು. ದಾರಿಯಲ್ಲಿ ಎಲ್ಲಾದರೂ ಬಿಟ್ಟುಬಿಡು, ಗಂಟೆ ಬಂದ ಮೇಲೆ ಅವಳಿಗೇನು ತಿಳಿಯುತ್ತದೆ ಎಂದ. ಅಷ್ಟು ಹೇಳಿ ಗುರುಲಿಂಗಪ್ಪನ ಅಂಗೈಯಲ್ಲಿ ವಿಭೂತಿ ಇಟ್ಟು, ಬೆರಳುಗಳನ್ನು ತಾನೇ ಮಡಿಚಿದ. ಹೂಂ ಅನ್ನು ಎಂದ. ಗುರುಲಿಂಗಪ್ಪ ಹೂಂ ಅಂದ. ಹೂಂ ಅನ್ನುವುದಕ್ಕೆ ಅವನ ನಾಲಿಗೆ ಎಂದೂ ತೊದಲಿದ್ದಿಲ್ಲ.

ಕಾರ್ಖಾನೆ ಎಂದರೆ ಒಂದು ಉದ್ದನೆಯ ಶೆಡ್ಡು, ಒಂದು ಭಟ್ಟಿ, ಒಬ್ಬ ಮಿಸ್ತ್ರಿ. ಬಾಗಿಲಲ್ಲಿ ಹೊರಸಿನ ಮೇಲೆ ಕೂತ ಜೋಹರಾಬಿ ಯಜಮಾನತಿ. ಗಂಡ ತೀರಿದ ಮೇಲೆ ಅವಳೇ ನಡೆಸುತ್ತಿದ್ದಳು. ತವರು ನಾಲತವಾಡ, ಇವರಿಬ್ಬರ ಮಾತು ಕಿವಿಗೆ ಬಿದ್ದೊಡನೆ ಅವಳ ಮುಖ ಅರಳಿತು. ಈ ಊರಿಗೆ ಬಂದು ತಲೆ ಹಣ್ಣಾಯಿತು, ಆದರೂ ಕನಸು ಬೀಳುವುದು ಕನ್ನಡದಲ್ಲೇ ಎಂದಳು. ಅಲ್ಲಿ ಮಳೆ ಹೇಗೆ, ಸಂತೆ ಇನ್ನೂ ಅದೇ ವಾರವೋ, ಹುಂಚಿ ಗಿಡ ಉಳಿದಿದೆಯೋ ಎಂದು ಕೇಳಿದಳು. ಬಸಂತರಾಯ ತಾನು ನೋಡದ ಹುಣಸೆ ಗಿಡಕ್ಕೂ ಇದೆ ಎಂದು ಹೇಳಿ ಅವಳನ್ನು ಖುಷಿಪಡಿಸಿದ. ಅಚ್ಚು ಇನ್ನೂ ಹಸಿ ಇದೆ, ಭಟ್ಟಿಗೆ ಕಾವು ಬರುವುದು ಮಧ್ಯಾಹ್ನ ಇಳಿದ ಮೇಲೆ, ಅಷ್ಟರೊಳಗೆ ರಾಜರ ವಾಡೆ ನೋಡಿ ಬರ್ರಿ, ಚೀಲ ಇಲ್ಲೇ ಇಡ್ರಿ ಎಂದಳು. ಗುರುಲಿಂಗಪ್ಪ ಇಡಲಿಲ್ಲ. ಇಟ್ಟರೆ ಮಿಸ್ತ್ರಿ ಬಿಚ್ಚಿ ನೋಡಿ ಇದೂ ಪಾತ್ರೆಯಲ್ಲವೇ ಎಂದು ಮೂಸೆಗೆ ಹಾಕಿಬಿಟ್ಟರೆ? ಹಾಕಿಬಿಟ್ಟರೆ ಒಳ್ಳೆಯದೇ ಅಲ್ಲವೇ ಎಂಬ ಮಾತೂ ಅದರ ಬೆನ್ನಿಗೇ ಬಂತು. ತನ್ನ ಕೈ ಸೋಕದೆ, ತನ್ನ ಹೂಂ ಮುರಿಯದೆ ಕೆಲಸ ಮುಗಿಯುತ್ತಿತ್ತು. ಆ ಯೋಚನೆಗೆ ತಾನೇ ಹೇಸಿ ಚೀಲವನ್ನು ಇನ್ನಷ್ಟು ಬಿಗಿಯಾಗಿ ಹಿಡಿದ.

"ವಾಡೆ ನೋಡಿ ಹೊಳಿಗೆ ಹೋಗೂಣು," ಎಂದ ಬಸಂತರಾಯ, ಚೀಲದ ಕಡೆ ನೋಡದೆ; ರೇವಣಪ್ಪನ ಮಾತು ಅವನಿಗೂ ಗೊತ್ತಿತ್ತು. "ಪಂಚಗಂಗಾ ಅಂದ್ರ ದೊಡ್ಡ ಹೊಳಿ. ಬಿಟ್ಟರ ಪುಣ್ಯಾನ ಬರತೈತಿ ಆಕೀಗಿ."

ವಾಡೆಯೊಳಗೆ ತಂಪಿತ್ತು. ರಾಜರು ಹೊಡೆದ ಹುಲಿಗಳು ಗಾಜಿನ ಕಣ್ಣು ಬಿಟ್ಟು ನಿಂತಿದ್ದವು. ಬಾಯಿ ತೆರೆದೇ ಇತ್ತು, ಗರ್ಜನೆ ಮಾತ್ರ ಯಾವತ್ತೋ ಮುಗಿದಿತ್ತು. ಬೆಳ್ಳಿಯ ಅಂಬಾರಿ, ಕತ್ತಿಗಳು, ಗೋಡೆಗೋಡೆಗೆ ನಿಲುವುಗನ್ನಡಿ. ಪ್ರತಿ ಕನ್ನಡಿಯಲ್ಲೂ ಟೊಪ್ಪಿಗೆ ಹಾಕಿ ಚೀಲ ಅವಚಿಕೊಂಡ ಒಬ್ಬ ಬಡಕಲು ಮನುಷ್ಯ ಎದುರಾಗಿ, ತನ್ನನ್ನೇ ಯಾರೋ ಹಿಂಬಾಲಿಸುತ್ತಿದ್ದಾರೆ ಎಂಬಂತೆ ಗುರುಲಿಂಗಪ್ಪ ಎರಡು ಸಲ ಹಿಂದೆ ತಿರುಗಿದ. ಒಂದು ಗಾಜಿನ ಪೆಟ್ಟಿಗೆಯಲ್ಲಿ ರಾಜರು ಉಣ್ಣುತ್ತಿದ್ದ ತಾಟುಗಳನ್ನಿಟ್ಟಿದ್ದರು. ಬಸಂತರಾಯ ಮುಂದಿನ ಕೋಣೆಗೆ ಹೋದರೂ ಅವನ ಕಾಲು ಅಲ್ಲಿಂದ ಏಳಲಿಲ್ಲ. ಹೊಳಪು ಒಂದಿಷ್ಟೂ ಮಾಸಿಲ್ಲ, ಗೀರಿಲ್ಲ, ನಡುವೆ ಸವೆದಿಲ್ಲ. ಉಂಡವರ ಬೆರಳು ತಾಟಿಗೆ ಗೊತ್ತಿರಲಿಕ್ಕಿಲ್ಲ ಅನಿಸಿತು. ದುರ್ಗವ್ವನ ಗಂಗಾಳದ ನಡುವೆ ಒಂದು ತಗ್ಗಿದೆ. ನಿನ್ನೆ ಬಸ್ಸಿನ ಕತ್ತಲಲ್ಲಿ ಧೋತರದ ಮೇಲಿಂದಲೇ ಅವನ ಹೆಬ್ಬೆರಳು ಆ ತಗ್ಗನ್ನು ಹುಡುಕಿಕೊಂಡು ಹೋಗಿತ್ತು. ಜೋಳದ ನುಚ್ಚು, ಪುಂಡಿಪಲ್ಲೆ, ಕೆಲವು ದಿನ ಬರೀ ನೀರಿನಲ್ಲಿ ಕಲಸಿದ ಉಪ್ಪು ಖಾರ. ಏನು ಇತ್ತೋ ಅದರ ಸುತ್ತ ಐದು ಬೆರಳು ತಿರುಗಿ ತಿರುಗಿ ಕಂಚನ್ನೇ ತೇಯ್ದಿವೆ. ಪುರಾಣದಲ್ಲಿ ಶರಣನೊಬ್ಬ ಯಾರದೋ ಮನೆಯ ಅಂಬಲಿ ಕುಡಿದ ಪದ್ಯ ಬಂದಾಗ ತಾನು ಕಣ್ಣು ಮುಚ್ಚಿ ಕೊನೆಯ ಅಕ್ಷರ ಎಳೆಯುವುದುಂಟು. ಜನ ಕಣ್ಣೊರೆಸಿಕೊಳ್ಳುತ್ತಾರೆ. ಬೇವಿನ ಗಿಡದಾಚೆಯೂ ಒಂದು ಸೆರಗು ಕಣ್ಣಿಗೆ ಹೋಗುತ್ತದೆ.

ಹೊರಬಾಗಿಲಲ್ಲಿ ಪಹರೆಯವನು ಚೀಲಕ್ಕೆ ಕೈ ಹಾಕಿದ. ಹೋಗುವಾಗ ಯಾರೂ ಕೇಳಿರಲಿಲ್ಲ. ಬರುವಾಗ ತೆರೆದು ನೋಡುವ ಪಾಳಿ ಅವನದಿರಬೇಕು. ಟವೆಲು ಬಿಚ್ಚಿದ, ಧೋತರ ಬಿಚ್ಚಿದ. ಹಳೆಯ ಕಂಚು ಹೊರಬಂದು ಬಿಸಿಲಿಗೆ ಮಿಂಚಿತು. ಹಿಂದೆ ಬರುತ್ತಿದ್ದ ಪುಣೆಯ ಕಡೆಯ ಸಂಸಾರವೊಂದು ನಿಂತಿತು. ಇದೆಲ್ಲಿಂದ ಬಂತು ಎಂದು ಪಹರೆಯವನು ಮರಾಠಿಯಲ್ಲಿ ಕೇಳಿದ. ಗುರುಲಿಂಗಪ್ಪನಿಗೆ ಮರಾಠಿ ಬರುತ್ತಿತ್ತು. ಆ ಗಳಿಗೆಯಲ್ಲಿ ಯಾವ ಭಾಷೆಯೂ ಬರಲಿಲ್ಲ. ಬಸಂತರಾಯ ಮಾತಾಡಲು ಬಾಯಿ ತೆರೆದ, ಪಹರೆಯವನು ಕೈಯೆತ್ತಿ ಅವನನ್ನು ತಡೆದ. ಅಂಚಿನ ಚುಕ್ಕಿಗಳ ಮೇಲೆ ಬೆರಳಿಟ್ಟು, ಇಲ್ಲೇನೋ ಬರೆದಿದೆ, ಓದು ಎಂದ. ಸಾವಿರ ಪದ್ಯ ಓದಿದವನು ಆ ಚುಕ್ಕಿಗಳ ಮೇಲೆ ಬಗ್ಗಿದ. ಓದು, ನಿನ್ನದಾದರೆ ನಿನಗೆ ಗೊತ್ತಿರಬೇಕಲ್ಲ ಎಂದು ಪಹರೆಯವನು ಒತ್ತಾಯಿಸಿದ.

"ದುರ್ಗವ್ವ," ಎಂದ ಗುರುಲಿಂಗಪ್ಪ.

ಯಾರವಳು ಎಂದ ಪಹರೆಯವನು.

"ಮಾಝೀ ಆಯಿ."

ನನ್ನವ್ವ. ಅದು ಬಾಯಿಂದ ಹೇಗೆ ಬಂತೋ. ಒಂಚೂರೂ ತೊದಲದೆ ಬಂತು. ಪಹರೆಯವನ ಮುಖ ಸಡಿಲಾಯಿತು. ಅವ್ವನ ಗಂಗಾಳ ಹೊತ್ತುಕೊಂಡು ಊರೂರು ತಿರುಗುತ್ತೀಯಾ ಎಂದು ನಕ್ಕ. ಅವಳು ತೀರಿಕೊಂಡಳೇ ಎಂದು ಕೇಳಿದ. ಗುರುಲಿಂಗಪ್ಪ ತಲೆ ಆಡಿಸಿದ. ಹೌದೆಂದೋ ಅಲ್ಲವೆಂದೋ ಅವನಿಗೇ ತಿಳಿಯದು. ಪಹರೆಯವನು ಗಂಗಾಳವನ್ನು ಹಣೆಗೆ ಮುಟ್ಟಿಸಿಕೊಂಡು, ತಾನೇ ಧೋತರದಲ್ಲಿ ಜೋಪಾನವಾಗಿ ಸುತ್ತಿ ಕೊಟ್ಟ. ಪುಣೆಯ ಹೆಂಗಸು ಅಯ್ಯೋ ಪಾಪ ಎನ್ನುವಂತೆ ನೋಡಿದಳು.

ರಸ್ತೆಗೆ ಬಂದದ್ದೇ ತಡ ಬಸಂತರಾಯ ಕಣ್ಣಲ್ಲಿ ನೀರು ಬರುವಂತೆ ನಕ್ಕ. ಕಮಾನಿನ ಕಂಬ ಹಿಡಿದು ನಕ್ಕ. ಊರಾಗ ಹೇಳಿದರ ಯಾರೂ ನಂಬಾಂಗಿಲ್ಲ ಪುರಾಣಪ್ಪ ಎಂದ. ಆಮೇಲೆ ನಗು ತಂತಾನೇ ನಿಂತಿತು. ಹೊಳೆಯ ದಾರಿ ಹಿಡಿದರು. ಘಾಟಿನ ಮೆಟ್ಟಿಲುಗಳ ಮೇಲೆ ಹೆಂಗಸರು ಬಟ್ಟೆ ಒಗೆಯುತ್ತಿದ್ದರು. ದಂಡೆಯ ನೀರಿನ ಮೇಲೆ ಎಣ್ಣೆಯ ತೆಳು ಬಣ್ಣ ತೇಲುತ್ತಿತ್ತು. ಗುರುಲಿಂಗಪ್ಪ ಮೊಣಕಾಲಿನವರೆಗೆ ಇಳಿದು ಚೀಲ ತೆರೆದು ನಿಂತ. ಬಿಟ್ಟರೆ ಮುಗಿಯಿತು. ವಿಭೂತಿಯ ಮಾತು ಉಳಿಯುತ್ತದೆ, ಶ್ರಾವಣ ಬರುತ್ತದೆ, ಗದ್ದುಗೆ ಅಲ್ಲೇ ಇರುತ್ತದೆ. ದುರ್ಗವ್ವ ಕೇರಿಯಲ್ಲಿ ಕಿವಿಗೊಟ್ಟು ಕೂತು, ಗಂಟೆ ಬಾರಿಸಿದಾಗ ನಂದೂ ಐತಿ ಎಂದು ಪಕ್ಕದವಳಿಗೆ ಹೇಳುತ್ತಾಳೆ. ಇಲ್ಲದ್ದನ್ನು ಕೇಳಿಸಿಕೊಂಡು ಸಂತೋಷಪಡುತ್ತಾಳೆ. ಅಥವಾ ಕೇಳಿಸಿಕೊಳ್ಳುವುದಿಲ್ಲ. ನಿದ್ದೆಗಣ್ಣಿನಲ್ಲೂ ಗುರುತು ಹಿಡಿಯುವವಳು ಸುಮ್ಮನಾಗಿ, ಯಾರಿಗೂ ಏನೂ ಹೇಳದೆ, ಮುಂದಿನ ಶ್ರಾವಣದಲ್ಲೂ ಬೇವಿನ ಗಿಡದಾಚೆ ಬಂದು ಕೂರುತ್ತಾಳೆ. ಕೂತು ಕಟ್ಟೆಯ ಮೇಲಿನ ತನ್ನನ್ನೇ ನೋಡುತ್ತಾಳೆ. ನೀರು ಕಾಲಿಗೆ ತಣ್ಣಗೆ ಕೊರೆಯಿತು. ದೂರದಲ್ಲಿ ಭೋಂಗಾ ಕೂಗಿತು. ಪಾಳಿ ಬದಲಾಗುವ ಹೊತ್ತು. ಬಸಂತರಾಯ ಮೇಲಿನಿಂದ, ಭಟ್ಟಿಗೆ ಕಾವು ಬಂದಿರತೈತಿ ನಡಿ ಎಂದು ಕೂಗಿದ. ಗುರುಲಿಂಗಪ್ಪ ಹಾಗೆಯೇ ಚೀಲ ಮುಚ್ಚಿಕೊಂಡು ಮೆಟ್ಟಿಲೇರಿದ. ಬಿಟ್ಟಿಲ್ಲ ಎಂದು ಬಸಂತರಾಯನಿಗೆ ಕಂಡಿತು, ಕಂಡೂ ಮುಂದೆ ನಡೆದ.

ಭಟ್ಟಿಯೊಳಗೆ ಮೂಸೆ ಕೆಂಪಗೆ ಕೂತಿತ್ತು. ಮಿಸ್ತ್ರಿ ಇಕ್ಕಳದಿಂದ ಒಂದೊಂದು ಪಾತ್ರೆ ಎತ್ತಿ ಹಿಡಿಯುತ್ತಿದ್ದ, ಗುರುಲಿಂಗಪ್ಪ ಕೂಗುತ್ತಿದ್ದ. ತಂಬಿಗೆ: ಬಾಳಮ್ಮ, ಗೌಡರ ಮನಿ. ಕೊಡ: ಚನ್ನವ್ವ, ಮೇಲಿನ ಓಣಿ. ತನ್ನ ಮನೆಯಿಂದ ಬಂದ ಚೊಂಬು: ರುಕ್ಮವ್ವ. ಅದು ತೀರಿಕೊಂಡ ಅವ್ವನ ಹೆಸರು. ಮಿಸ್ತ್ರಿಗೆ ಮೊದಮೊದಲು ನಗು ಬಂದಂತಿತ್ತು. ಆಮೇಲೆ ಹೆಸರು ಪೂರ್ತಿಯಾಗುವ ತನಕ ಇಕ್ಕಳ ಸಡಿಲಿಸದೆ ಕಾಯತೊಡಗಿದ. ಹೆಸರುಗಳಿಗೆ ತಾನಾಗಿ ಪುರಾಣದ ಧಾಟಿ ಬಂದಿತ್ತು. ಪಕ್ಕದ ಶೆಡ್ಡಿನ ಸುತ್ತಿಗೆಗಳ ಗದ್ದಲದ ಮೇಲೆ ಆ ಊರಿನ ಓಣಿಗಳು ಒಂದೊಂದಾಗಿ ಎದ್ದು ಬಂದು ಬೆಂಕಿಗೆ ಬೀಳುತ್ತಿದ್ದವು. ಗೋಣಿಚೀಲಗಳು ಬರಿದಾದವು. ಬಸಂತರಾಯ ಟೊಪ್ಪಿಗೆಯಿಂದ ಗಾಳಿ ಹಾಕಿಕೊಳ್ಳುತ್ತಾ ಮುಗೀತು ಎಂದ.

"ಏನರ ಉಳದೈತೇನ ತಮ್ಮಾ?" ಎಂದಳು ಜೋಹರಾಬಿ ಹೊರಸಿನಿಂದ. "ಮುಚ್ಚಳ ಹಾಕೂ ಮೊದಲ ಕೇಳೂದು ನಮ್ಮ ಮನೆಯವರ ರಿವಾಜು. ಎರದ ಮ್ಯಾಲ ಉಳದಿದ್ದು ಕೂಡಾಂಗಿಲ್ಲ."

ಗುರುಲಿಂಗಪ್ಪ ಚೀಲದಿಂದ ಗಂಗಾಳ ತೆಗೆದ. ತೆಗೆಯಬೇಕೆಂದು ತೆಗೆದದ್ದಲ್ಲ, ಕೇಳಿದವರಿಗೆ ಇಲ್ಲ ಎನ್ನಲು ಬಾರದೆ ತೆಗೆದದ್ದು. ಮಿಸ್ತ್ರಿ ಇಕ್ಕಳ ಚಾಚಿದ. ಬಸಂತರಾಯ ಎದ್ದು ಬಂದ. ಬೈಯುತ್ತಾನೆ, ವಿಭೂತಿ ನೆನಪಿಸುತ್ತಾನೆ ಎಂದು ಗುರುಲಿಂಗಪ್ಪ ಅಂದುಕೊಂಡಿದ್ದ. ಬಸಂತರಾಯ ಅವನ ಹೆಗಲ ಮೇಲೆ ಕೈಯಿಟ್ಟು, ಕಿವಿಯ ಹತ್ತಿರ ಬಂದು, ಪ್ರೀತಿಯಿಂದಲೇ ಅಂದ:

"ಹಾಕೋದಿದ್ದರ ಹಾಕು, ಹುಚ್ಚ. ನಾ ಏನ ನೋಡಿಲ್ಲ. ಆದರ ಹೆಸರು ನಿಮ್ಮವ್ವಂದ ಕೂಗು. ಮುಂಜಾನೆ ನೀನ ಅಂದೀಯಲ್ಲ ನಮ್ಮವ್ವ ಅಂತ. ಕಂಚು ಕರಗಿದ ಮ್ಯಾಲ ಹೆಸರು ಯಾರ ಓದತಾರ?"

ಎಷ್ಟು ಸುಲಭವಾಗಿತ್ತು. ಯಾರಿಗೂ ನೋವಿಲ್ಲ. ಲೋಹ ಕೂಡುತ್ತದೆ, ಗದ್ದುಗೆ ಉಳಿಯುತ್ತದೆ, ದುರ್ಗವ್ವನಿಗೆ ತನ್ನ ದನಿ ಸಿಗುತ್ತದೆ. ಬೆಂಕಿಯ ಝಳಕ್ಕೆ ಕಣ್ಣು ಉರಿಯಿತು. ಗಂಗಾಳ ಮೂಸೆಯ ಮೇಲಕ್ಕೆ ಬಂತು. ಮಿಸ್ತ್ರಿ ಕಾಯುತ್ತಿದ್ದ.

"ರುಕ್ಮವ್ವ," ಎಂದು ಕೂಗಿದ ಗುರುಲಿಂಗಪ್ಪ.

ಇಕ್ಕಳ ಸಡಿಲಾಯಿತು. ಗಂಗಾಳ ಕೂಡಲೇ ಮುಳುಗಲಿಲ್ಲ. ಕರಗಿದ ಲೋಹದ ಮೇಲೆ ಎಲೆಯ ಹಾಗೆ ಒಂದಿಷ್ಟು ಹೊತ್ತು ತೇಲಿತು. ಅಂಚು ಕೆಂಪಾಯಿತು, ಚುಕ್ಕಿಗಳು ಕಪ್ಪಗೆ ಎದ್ದು ಕಂಡವು, ಒಂದು ಅಕ್ಷರವೂ ಬಿಡದೆ ಅವನು ಓದಿಕೊಂಡ. ಆಮೇಲೆ ನಡುವಿನ ತಗ್ಗು ತೂತಾಗಿ, ಉಳಿದದ್ದೆಲ್ಲ ಒಳಗೆ ಜಾರಿತು. ಮಿಸ್ತ್ರಿ ಮುಚ್ಚಳ ಹಾಕಿದ. ಬಸಂತರಾಯ ಶಾಬಾಸ್ ಎಂದು ಬೆನ್ನು ತಟ್ಟಿದ. ಆ ತಟ್ಟಿದ ಕೈಯ ಗುರುತು ಸಂಜೆಯವರೆಗೂ ಬೆನ್ನ ಮೇಲೆ ಹಾಗೇ ಇತ್ತು. ಧರ್ಮಶಾಲೆಯ ಕಲ್ಲಿನ ಮೇಲೆ ಮಲಗಿದಾಗಲೂ ಇತ್ತು. ಹೆದರಿಕೆಯಲ್ಲಿ, ಗುರುತಿಲ್ಲದ ಪಹರೆಯವನ ಮುಂದೆ, ಪರಭಾಷೆಯಲ್ಲಿ ಅವಳನ್ನು ಅವ್ವ ಎಂದೆ. ಹೆದರಿಕೆ ಇಲ್ಲದಾಗ ಅವಳ ಹೆಸರನ್ನೂ ಕಸಿದುಕೊಂಡೆ. ಹೆಸರು ಕೂಗದ ಲೋಹ ಮೂಕಾಗುತ್ತದೆ ಎಂದು ಊರು ನಂಬಿದೆ. ಬೇರೆಯವರ ಹೆಸರು ಕೂಗಿದ ಲೋಹ ಏನಾಗುತ್ತದೆ ಎಂದು ಯಾರೂ ಹೇಳಿರಲಿಲ್ಲ. ತನ್ನ ಅವ್ವನ ಮುಖ ನೆನಪಿಸಿಕೊಳ್ಳಲು ನೋಡಿದ. ಬೇವಿನ ಗಿಡದಾಚೆಯ ಸೆರಗೇ ಬಂತು.

ಬೆಳಿಗ್ಗೆ ಹೋದಾಗ ಅಚ್ಚು ಒಡೆದು, ಉಜ್ಜಿ, ಗಂಟೆಯನ್ನು ಸರಪಳಿಯಿಂದ ತೊಲೆಗೆ ನೇತುಹಾಕಿದ್ದರು. ನಾಲಗೆ ಇನ್ನೂ ಕಟ್ಟಿರಲಿಲ್ಲ. ಜೋಹರಾಬಿ ಹೊರಸಿನಿಂದೆದ್ದು, ಕೋಲು ಊರಿಕೊಂಡು ಬಂದು ಕಟ್ಟಿಗೆಯ ಸುತ್ತಿಗೆಯೊಂದನ್ನು ಗುರುಲಿಂಗಪ್ಪನ ಕೈಗಿತ್ತಳು. ಇದೂ ಅವಳ ಮನೆಯವರ ರಿವಾಜೇ: ಕಡೆಗೆ ಬಿದ್ದ ಪಾತ್ರೆ ಯಾರದೋ, ಅವರ ಹೆಸರಿನಿಂದ ಮೊದಲ ಪೆಟ್ಟು. ಕಡೆಯ ಗಂಗಾಳ ಅವನ ಅವ್ವನದೆಂದು ಬಸಂತರಾಯ ಅವಳಿಗೆ ಹೇಳಿದ್ದ.

"ಅವ್ವನ ಹೆಸರು ಹೇಳಿ ಬಾರಸು ತಮ್ಮಾ," ಎಂದಳು. "ಹಡದಾಕಿ ಹೆಸರ್ಲೆ ಬಾಯಿ ಬಿಟ್ಟ ಗಂಟಿ ಎಂದೂ ಒಡಿಯೂದಿಲ್ಲಂತ ನಮ್ಮವರು ಹೇಳ್ತಿದ್ದರು."

ಗಂಟೆ ಹೊಸದಾಗಿ, ಯಾರ ಗುರುತೂ ಇಲ್ಲದೆ, ನುಣ್ಣಗೆ ತೂಗುತ್ತಿತ್ತು. ಅದರ ಹೊಟ್ಟೆಯಲ್ಲಿ ಒಬ್ಬ ಮನುಷ್ಯ ಕಂಡ. ವಾಡೆಯ ಕನ್ನಡಿಗಳಲ್ಲಿ ಕಂಡವನೇ, ಈಗ ಕೈಯಲ್ಲಿ ಚೀಲವಿಲ್ಲ. ಬಸಂತರಾಯ ನಗುತ್ತಾ ನಿಂತಿದ್ದ. ಗುರುಲಿಂಗಪ್ಪ ಸುತ್ತಿಗೆ ಎತ್ತಿದ. ರು ಎಂಬ ಅಕ್ಷರಕ್ಕೆ ತುಟಿ ಮುಂದೆ ಬಂತು, ಅಲ್ಲೇ ನಿಂತಿತು. ಮಾತಿಗೆ ತೊದಲುವ ನಾಲಿಗೆಗೆ ಅವನು ಪದ್ಯದ ಧಾಟಿ ಕೊಟ್ಟ. ಕಣ್ಣು ಮುಚ್ಚಲಿಲ್ಲ.

"ದುರ್ಗವ್ವಾ," ಎಂದು ಎಳೆದ. "ಕೆಳಗೇರಿ."

ಹೊಡೆದ. ದನಿ ಶೆಡ್ಡಿನ ತಗಡಿಗೆ ತಾಕಿ, ಹೊರಗೆ ಹೋಯಿತು; ಪಕ್ಕದ ಕಾರ್ಖಾನೆಯ ಸುತ್ತಿಗೆಗಳು ಒಂದು ಗಳಿಗೆ ನಿಂತಂತೆ ಅನಿಸಿತು. ಜೋಹರಾಬಿ ವಾಹ್ ಎಂದಳು. ಬಸಂತರಾಯ ಎರಡು ಹೆಜ್ಜೆಗೆ ಬಂದು ಗಂಟೆಯ ಅಂಚಿಗೆ ಅಂಗೈ ಒತ್ತಿ ಹಿಡಿದ. ದನಿ ಅವನ ಕೈಯೊಳಗೆ ನಡುಗುತ್ತಾ ನಡುಗುತ್ತಾ ಸತ್ತಿತು. ಅವನ ಮುಖದಲ್ಲಿ ಸಿಟ್ಟಿರಲಿಲ್ಲ, ಆಯಾಸವಿತ್ತು.

"ಇದನ್ನ ಊರಾಗೂ ಕೂಗಾಂವ ನೀ," ಎಂದ.

"ಹೌದ್ರಿ ಬಸಂತಣ್ಣ."

"ಹಂಗಾರ ಶ್ರಾವಣಕ್ಕ ಬ್ಯಾರೆ ಪುರಾಣಿಕನ್ನ ಹುಡಕಬೇಕಾಗತೈತಿ."

ಬಸಂತರಾಯ ಗಂಟೆಯಿಂದ ಕೈ ತೆಗೆದ. ತೆಗೆದ ಕೈ ತಂತಾನೇ ಕೆಳಗಿಳಿದು ಧೋತರಕ್ಕೆ ಉಜ್ಜಿಕೊಂಡಿತು. ಉಜ್ಜಿಕೊಂಡದ್ದು ಅವನಿಗೇ ಕಂಡಿತು. ಜೋಹರಾಬಿಯೂ ನೋಡಿದಳು. ಅಂಗೈಯನ್ನು ಎಲ್ಲಿಡಬೇಕೆಂದು ತಿಳಿಯದೆ ಅವನು ಅದನ್ನು ಮೈಯಿಂದ ದೂರ ಹಿಡಿದುಕೊಂಡು ನಿಂತ.

ಗುರುಲಿಂಗಪ್ಪ ಸುತ್ತಿಗೆಯನ್ನು ಮತ್ತೆ ಎತ್ತಿದ.